ಅಳಿಯ ಬೆಳೆಸಿದ ಬೋನ್ಸಾಯ್

ಬೇರೆಯವರು ಬೀಜ ಬಿತ್ತಿದರೆ ಗಿಡ ಬರುತ್ತದೆ. ನಾನು ಬಿತ್ತಿದರೆ ಜನ ಬರುತ್ತಾರೆ, ಬಂದು ಏನಾದರೊಂದು ಮಾಡಿಟ್ಟು ಹೋಗುತ್ತಾರೆ. ಒಮ್ಮೆ ಆಗಿದ್ದರೆ ಗ್ರಹಚಾರ ಎಂದು ಸುಮ್ಮನಾಗಬಹುದಿತ್ತು. ವಿಶಾಖಪಟ್ಟಣದಲ್ಲಿ ಕುಳಿತು ಬೋನ್ಸಾಯ್ ಬೆಳೆಸಲು ಹೊರಟ ಅಷ್ಟೂ ದಿನ ಹೀಗೇ ಆಯಿತು. ಎಲ್ಲರೂ ಒಳ್ಳೆಯವರು, ಎಲ್ಲರೂ ಒಳ್ಳೆಯದಕ್ಕೇ ಮಾಡಿದರು. ನನಗೆ ಸಿಟ್ಟು ಬರುವುದೂ ಅದಕ್ಕೇ. ಕೆಟ್ಟವರಾಗಿದ್ದರೆ ಒಂದು ಜಗಳವನ್ನಾದರೂ ಆಡಬಹುದಿತ್ತು.

ನೋಡಕ್ಕೆ ಮಾತ್ರ

ನಾನು ತುಮಕೂರಿನವನು. ಪರವಾಡದ ಔಷಧ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಕೆಲಸ, ವಿಶಾಖಪಟ್ಟಣದಲ್ಲಿ ಬಾಡಿಗೆ ಮನೆ. ಮದುವೆಯಾಗಿದ್ದು ವಿಜಯವಾಡದ ಹುಡುಗಿಯನ್ನು. ನಮ್ಮತ್ತೆ ಬಳ್ಳಾರಿ ಕಡೆಯವರು. ಮಾವ ಅಪ್ಪಟ ವಿಜಯವಾಡದವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಕನ್ನಡವನ್ನು ಹೆಂಡತಿಯಿಂದ ಕಲಿತವರು. ಅವರಿಗೆ ಗಿಡಗಳೆಂದರೆ ಪ್ರಾಣ. ಮನೆಯ ಹಿಂದೆ ತೊಂಡೆ, ಬೆಂಡೆ, ಗೋಂಗೂರ ಸೊಪ್ಪು ಎಲ್ಲ ಇದೆ. ಮುಂದೆ ಕಾಂಪೌಂಡಿನ ಪಕ್ಕದಲ್ಲೂ ಒಂದು ಪಟ್ಟಿ ಮಣ್ಣಿದೆ. ಅವರು ಒಣಗಿದ ಕಡ್ಡಿಯನ್ನು ಸಿಕ್ಕಿಸಿದರೂ ಅದು ನಾಚಿಕೆಯಿಂದಾದರೂ ಚಿಗುರುತ್ತದೆ.

ಇಂಥವರಿಗೆ ಸಿಕ್ಕ ಅಳಿಯ ನಾನು. ಪ್ರತಿ ಸಲ ಹೋದಾಗಲೂ ನನ್ನ ಕೈಗೆ ಒಂದು ಸಸಿ ಕೊಡುತ್ತಿದ್ದರು. ಪ್ರತಿ ಸಲವೂ ಅದು ವಿಶಾಖಪಟ್ಟಣಕ್ಕೆ ಬಂದು, ನಮ್ಮ ಬಾಲ್ಕನಿ ನೋಡಿ, ಪ್ರಾಣ ಬಿಡುತ್ತಿತ್ತು. ಮಲ್ಲಿಗೆ ಹೋಯಿತು, ಕರಿಬೇವು ಹೋಯಿತು, ಯಾರ ಮನೆಯಲ್ಲೂ ಸಾಯದ ದೊಡ್ಡಪತ್ರೆ ಕೂಡ ನಮ್ಮ ಮನೆಯಲ್ಲಿ ಹೋಯಿತು. ಭಾನುವಾರ ಫೋನ್ ಮಾಡಿದರೆ ಮಾವ ಮೊದಲು ವಿಚಾರಿಸುತ್ತಿದ್ದದ್ದು ಗಿಡದ ಆರೋಗ್ಯ, ಆಮೇಲೆ ಮಗಳದ್ದು. ನಾನು ಸುಳ್ಳು ಹೇಳುತ್ತಿದ್ದೆ. ಅವರು ಮರ್ಯಾದಸ್ಥರು, ನಂಬಿದಂತೆ ಮಾಡುತ್ತಿದ್ದರು.

ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಮರಗಳನ್ನೆಲ್ಲ ಮಲಗಿಸಿ ಹೋದ ಮೇಲಿನ ಮೊದಲ ಸಂಕ್ರಾಂತಿಗೆ ವಿಜಯವಾಡಕ್ಕೆ ಹೋಗಿದ್ದೆವು. ಆ ಕಡೆ ಸಂಕ್ರಾಂತಿಗೆ ಅಳಿಯನನ್ನು ಕರೆದು, ಇನ್ನು ಉಸಿರಾಡಲು ಜಾಗ ಇಲ್ಲ ಎನ್ನುವವರೆಗೆ ಉಣ್ಣಿಸುವುದು ಪದ್ಧತಿ. ಪುಳಿಹೋರ, ಗಾರೆ ಎಂಬ ವಡೆ, ಬೊಬ್ಬಟ್ಟು, ಅರಿಸೆ ಎಲ್ಲ ಒಳಗೆ ಹೋಗಿ ನಾನು ಗೋಡೆಗೆ ಒರಗಿ ಕುಳಿತಿದ್ದೆ. ಮಾವ ಮೆಲ್ಲಗೆ ಕೇಳಿದರು. ಅಳಿಯನನ್ನು ಅವರು ಕರೆಯುವುದು ಮಾತ್ರ ತೆಲುಗಿನಲ್ಲೇ.

"ಅಲ್ಲುಡುಗಾರೂ, ನಾನು ಕೊಟ್ಟ ಕರಿಬೇವು ಹೆಂಗಿದೆ?"

"ಸೈಕ್ಲೋನ್‌ನಲ್ಲಿ ಹೋಯ್ತು ಮಾವ."

"ನಾನ್ನಾ, ಅದು ಸತ್ತಿದ್ದು ದಸರಾಗೆ ಮುಂಚೆ. ಸೈಕ್ಲೋನ್ ಬಂದಿದ್ದು ಆಮೇಲೆ" ಎಂದಳು ನನ್ನ ಹೆಂಡತಿ ತಂದೆಗೆ. ಅಪ್ಪನ ಮನೆಗೆ ಬಂದರೆ ಅವಳಿಗೆ ಸತ್ಯದ ಮೇಲೆ ಇನ್ನಿಲ್ಲದ ಪ್ರೀತಿ.

ಮಾವ ನನ್ನನ್ನು ಒಮ್ಮೆ ನೋಡಿ, ಕಣ್ಣು ತಗ್ಗಿಸಿ, ತಾಂಬೂಲದ ತಟ್ಟೆ ಮುಂದಕ್ಕೆ ತಳ್ಳಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಒಂದು ಗಿಡವನ್ನಾದರೂ ಬದುಕಿಸಿ ಈ ಮನುಷ್ಯನ ಕಣ್ಣಿನಲ್ಲಿ ನಾನೂ ಒಬ್ಬ ಮನುಷ್ಯ ಎನಿಸಿಕೊಳ್ಳಬೇಕು ಎಂದು ನನಗೆ ಆ ಕ್ಷಣದಲ್ಲಿ ಹಟ ಬಂತು. ಹೊಟ್ಟೆ ತುಂಬಿದಾಗ ಬರುವ ಹಟ ಬಹಳ ಅಪಾಯ.

"ಮಾವ, ಮುಂದಿನ ಸಂಕ್ರಾಂತಿಗೆ ನಾನೇ ಬೀಜದಿಂದ ಬೆಳೆಸಿದ ಬೋನ್ಸಾಯ್ ತಂದುಕೊಡ್ತೀನಿ" ಎಂದೆ.

"ಬೋನ್ಸಾಯ್ ಅಂದ್ರೆ?"

"ದೊಡ್ಡ ಮರಾನೇ, ಕುಂಡದಲ್ಲಿ ಚಿಕ್ಕದಾಗಿ ಇಟ್ಕೊಳ್ಳೋದು."

"ಕಾಯಿ ಬಿಡುತ್ತಾ?"

"ಇಲ್ಲ ಮಾವ."

"ನೆರಳು?"

"ಅಷ್ಟು ಚಿಕ್ಕದರಲ್ಲಿ ನೆರಳು ಎಲ್ಲಿಂದ."

"ಮತ್ತೆ ಯಾಕೆ?"

"ನೋಡಕ್ಕೆ ಚೆನ್ನಾಗಿರುತ್ತೆ. ಸುಮ್ಮನೆ ಮನೇಲಿ ಒಂದು ಕಡೆ ಇರುತ್ತೆ."

ಹೆಂಡತಿ ಎಲೆ ಎತ್ತುತ್ತ ಹೇಳಿದಳು: "ಹಂಗೆ ಒಂದು ಈಗಾಗಲೇ ನಮ್ಮ ಮನೇಲಿದೆ ನಾನ್ನಾ."

ಚಳಿಗಾಲಕ್ಕೆ ಜಾಗ

ಬೋನ್ಸಾಯ್ ಬೀಜದ ಕಿಟ್ ಕೊರಿಯರಿನಲ್ಲಿ ಬಂತು. ಪೆಟ್ಟಿಗೆಯೊಳಗೆ ಬೆರಳುದ್ದದ ಕುಂಡಗಳು, ತೆಂಗಿನ ನಾರನ್ನು ಒತ್ತಿ ಮಾಡಿದ ಬಿಲ್ಲೆಗಳು, ನಾಲ್ಕು ಜಾತಿಯ ಬೀಜದ ಪೊಟ್ಟಣ, ಒಂದು ಪುಟಾಣಿ ಕತ್ತರಿ. ಕತ್ತರಿ ನೋಡಿ ಹೆಂಡತಿ, "ಮೀಸೆಗೆ ಆಗುತ್ತೆ, ಎತ್ತಿಡಿ" ಎಂದಳು.

ಜೊತೆಗಿದ್ದ ಸೂಚನೆಯ ಮೊದಲ ಸಾಲಿನಲ್ಲೇ ತೊಡಕು. ಪೈನ್ ಬೀಜಕ್ಕೆ ಮೊಳಕೆ ಬರಬೇಕಾದರೆ ಮೊದಲು ಒಂದು ಚಳಿಗಾಲ ಕಳೆಯಬೇಕಂತೆ. ವಿಶಾಖಪಟ್ಟಣದಲ್ಲಿ ಚಳಿಗಾಲ ಅಂದರೆ ಫ್ಯಾನನ್ನು ಒಂದು ಪಾಯಿಂಟ್ ಇಳಿಸುವುದು. ಚಳಿಗಾಲ ಇಲ್ಲದವರು ಬೀಜವನ್ನು ಕೆಲವು ವಾರ ಫ್ರಿಜ್ಜಿನಲ್ಲಿಡಿ ಎಂದು ಕೆಳಗೆ ಬರೆದಿತ್ತು.

ನಮ್ಮ ಫ್ರಿಜ್ಜಿನ ಬಾಗಿಲು ತೆಗೆದೆ. ದೋಸೆಹಿಟ್ಟು, ಮೊಸರು, ಅತ್ತೆ ಕಳಿಸಿದ ಗೋಂಗೂರ ಪಚ್ಚಡಿ, ಅದರ ಹಿಂದೆ ಹಳೆಯ ಗೋಂಗೂರ ಪಚ್ಚಡಿ. ಹೆಂಡತಿ ಬಂದು ಬಾಗಿಲು ಮುಚ್ಚಿದಳು. "ಮರ ನಿಮ್ಮದು. ಚಳಿ ನನ್ನ ಫ್ರಿಜ್ಜಿಂದಾ?"

ಬೇರೆ ದಾರಿಯಿಲ್ಲದೆ ಪೈನ್ ಪೊಟ್ಟಣವನ್ನು ಕಾರ್ಖಾನೆಗೆ ಒಯ್ದೆ. ನಮ್ಮ ಲ್ಯಾಬಿನ ಫ್ರಿಜ್ಜಿಗೆ ಹಿಮಾಲಯದ ಗತ್ತು. ಆದರೆ ಅಲ್ಲಿ ಒಂದು ಕಟ್ಟುನಿಟ್ಟು. ಹೆಸರು ಬರೆಯದ ಯಾವ ವಸ್ತುವೂ ಒಳಗಿರಬಾರದು. ಲೇಬಲ್ ಇಲ್ಲದ ಶೀಶೆ ಕಂಡರೆ ಇಡೀ ಮಹಡಿ ನಡುಗುವ ಹಾಗೆ ಕೂಗಾಡುವವನು ಯಾರು ಎಂದರೆ, ನಾನೇ. ಹಾಗಿದ್ದಮೇಲೆ ನನ್ನ ಪೊಟ್ಟಣವನ್ನೇ ಬೆತ್ತಲೆ ಇಡಲಾದೀತೇ? ಮುತ್ತಿನಂಥ ಅಕ್ಷರದಲ್ಲಿ ಲೇಬಲ್ ಬರೆದೆ. ಬೀಜದ ಲ್ಯಾಟಿನ್ ಹೆಸರು, ಬ್ಯಾಚ್ ನಂಬರು, ಎಷ್ಟು ತಂಪಿನಲ್ಲಿಡಬೇಕು, ಕೆಳಗೆ ಸಹಿ. ನೋಡಿ ನನಗೇ ಹೆಮ್ಮೆಯಾಯಿತು.

ಆಗತಾನೆ ನಮ್ಮಲ್ಲಿ ಗಿಡಮೂಲಿಕೆ ಔಷಧದ ವಿಭಾಗ ಶುರುವಾಗಿತ್ತು. ಬೇರು, ತೊಗಟೆ, ಬೀಜ ಎಲ್ಲ ಪರೀಕ್ಷೆಗೆ ಬರುತ್ತಿದ್ದವು. ನಾನು ವಾರದ ರಜೆ ಮುಗಿಸಿ ಬಂದಾಗ ಇನ್ನೊಂದು ಪಾಳಿಯ ಸಹೋದ್ಯೋಗಿ ಬಾಗಿಲಲ್ಲೇ ಸಿಕ್ಕಳು. ಬಹಳ ಶಿಸ್ತಿನ ಹೆಣ್ಣುಮಗಳು. ಅವಳು ಮಾತಾಡಿದ್ದು ತೆಲುಗಿನಲ್ಲಿ. ಮುಂದೆ ಬರುವ ತೆಲುಗು ಮಾತುಗಳನ್ನೂ ನಾನೇ ಕನ್ನಡಕ್ಕೆ ತಂದಿದ್ದೇನೆ.

"ಸರ್, ನಿಮ್ಮ ಸ್ಯಾಂಪಲ್ ಮುಗಿಸಿಬಿಟ್ಟೆ."

"ಯಾವ ಸ್ಯಾಂಪಲ್?"

"ಅದೇ, ಫ್ರಿಜ್ಜಲ್ಲಿಟ್ಟಿದ್ರಲ್ಲ, ಪೈನ್. ಅರೆಯೋಕೆ ಸ್ವಲ್ಪ ಗಟ್ಟಿ ಇತ್ತು. ತೇವಾಂಶ ನೋಡಿದೆ, ಆಮೇಲೆ ಸುಟ್ಟು ಬೂದಿನೂ ನೋಡಿದೆ."

"ಸುಟ್ರಾ?"

"ಹೌದು ಸರ್. ಎಲ್ಲಾ ಲಿಮಿಟ್ ಒಳಗೇ ಇದೆ. ಪಾಸ್."

ಕೂಗಾಡೋಣವೆಂದರೆ ಯಾವ ಬಾಯಲ್ಲಿ? ಲೇಬಲ್ ಇದ್ದದ್ದನ್ನು ಪರೀಕ್ಷೆ ಮಾಡಬೇಕು ಎಂದು ಕಲಿಸಿದವನೂ ನಾನೇ. ಇನ್ನೂರು ವರ್ಷ ಬಾಳಬೇಕಾದ ಪೈನ್ ಮರ ಬೂದಿಯಾಗಿ ಒಂದು ಚಿಕ್ಕ ಬಟ್ಟಲಿನ ತಳದಲ್ಲಿ ಕೂತಿತ್ತು. ನಾನು ಆ ಬಟ್ಟಲನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದದ್ದು ಕಂಡು ಅವಳಿಗೆ ತನ್ನಿಂದಲೇ ಏನೋ ಕಡಿಮೆಯಾಯಿತು ಅನ್ನಿಸಿರಬೇಕು.

"ಕ್ವಾಂಟಿಟಿ ತುಂಬ ಕಡಿಮೆ ಇತ್ತು ಸರ್" ಎಂದಳು. "ಮುಂದಿನ ಸಲ ಸ್ವಲ್ಪ ಜಾಸ್ತಿ ಕಳಿಸಿ."

ಹೊಳೆಯುವ ಬೋನ್ಸಾಯ್

ಪೈನ್ ಹೋದರೂ ಮೇಪಲ್ ಮೊದಲಾಗಿ ಉಳಿದ ಮೂರು ಜಾತಿಯ ಬೀಜ ಇತ್ತು. ತೆಂಗಿನ ನಾರಿನ ಬಿಲ್ಲೆಯನ್ನು ನೀರಿಗೆ ಹಾಕಿದರೆ ಅದು ಉಬ್ಬಿ ದುಂಡಗಾಗುತ್ತದೆ. ಕಟ್ಟು ಬಿಡದ ಹಾಗೆ ಸುತ್ತಲೂ ತೆಳುವಾದ ಬಲೆ ಇರುತ್ತದೆ. ಮಧ್ಯದಲ್ಲಿ ಬೀಜ ಹುದುಗಿಸಿ, ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿಟ್ಟು, ದಿನಾ ಬೆಳಿಗ್ಗೆ ಕಂಪನಿ ಬಸ್ಸು ಬರುವ ಮೊದಲು ಅವುಗಳ ಮುಖ ನೋಡಿ ಹೋಗುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. ಆದರೂ ನೋಡುತ್ತಿದ್ದೆ.

ಕಾರ್ತಿಕ ಮಾಸದಲ್ಲಿ ಸಿಂಹಾಚಲಂ ದರ್ಶನಕ್ಕೆಂದು ಅತ್ತೆ ಬಂದರು. ಅತ್ತೆಗೆ ಕೈ ಕಟ್ಟಿ ಕೂರುವ ಅಭ್ಯಾಸವಿಲ್ಲ. ಮಗಳ ಮನೆಯ ದೇವರ ಸಾಮಾನು ಮಂಕಾಗಿದೆ ಎಂದು ಅವರಿಗೆ ಅನ್ನಿಸಿತು. ಹುಣಸೆಹಣ್ಣು ನೆನೆಸಿದರು. ತಿಕ್ಕಲು ನಾರು ಹುಡುಕಿದರು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ದೀಪ, ಗಂಟೆ, ಹಲಗಾರತಿ ಎಲ್ಲ ಮದುವೆಗೆ ಹೊರಟಂತೆ ಹೊಳೆಯುತ್ತಿದ್ದವು. ಕಿಟಕಿ ಮಾತ್ರ ಖಾಲಿ ಇತ್ತು.

"ಅಳಿಯಂದಿರೇ, ಎಲ್ಲಿ ತಂದ್ರಿ ಈ ನಾರು?" ಎಂದರು ಅತ್ತೆ ಸಂತೋಷದಿಂದ. "ಭಾಳ ಚಲೋ ಐತಿ. ಬಲಿ ಬ್ಯಾರೆ ಕಟ್ಟ್ಯಾರ, ಎಷ್ಟು ತಿಕ್ಕಿದ್ರೂ ಬಿಚ್ಚಂಗಿಲ್ಲ."

"ಅತ್ತೆ, ಅದರಲ್ಲಿ ಬೀಜ ಇತ್ತು."

"ಏನೋ ಕಸ ಇತ್ತು ನೋಡ್ರಿ. ನಾನ ತಗದು ಒಗದೆ."

"ಅದು ನಾರಲ್ಲ ಅತ್ತೆ. ಅದು ಬೋನ್ಸಾಯ್." ಹಲ್ಲು ಕಚ್ಚಿಕೊಂಡು ಇಷ್ಟು ಹೇಳಿ ಬಾಲ್ಕನಿಗೆ ಹೋಗಿ ನಿಂತೆ. ಅಲ್ಲಿ ಸಾಯಲು ಬಾಕಿ ಉಳಿದಿದ್ದು ಯಾವುದೂ ಇರಲಿಲ್ಲ, ನನ್ನನ್ನು ಬಿಟ್ಟರೆ.

ಮರುವರ್ಷದ ಸಂಕ್ರಾಂತಿಗೆ ಬರಿಗೈಯಲ್ಲಿ ವಿಜಯವಾಡಕ್ಕೆ ಹೋದೆ. ಊಟವಾಗುವವರೆಗೂ ಮಾವ ಕೇಳಲಿಲ್ಲ. ಆಮೇಲೆ ಬಹಳ ಸಂಕೋಚದಿಂದ, "ಅಲ್ಲುಡುಗಾರೂ, ಆ ಬೋನ್ಸಾಯ್ ಅಂದಿದ್ರಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ದೇವರ ಮನೆಯಿಂದ ದೊಡ್ಡ ದೀಪದ ಕಂಬ ತಂದು ಅವರ ಮುಂದಿಟ್ಟರು. ನಮ್ಮಲ್ಲಿಂದ ಬರುವಾಗ ಆ ನಾರಿನ ಉಂಡೆಗಳನ್ನು ಜೋಪಾನವಾಗಿ ಕಟ್ಟಿಕೊಂಡು ಬಂದಿದ್ದರು ಎಂದು ಆಗ ತಿಳಿಯಿತು.

"ಬೋನ್ಸಾಯ್ ಫಸ್ಟ್ ಕ್ಲಾಸ್ ಐತಿ" ಎಂದರು ಅತ್ತೆ ಗಂಡನಿಗೆ. "ನಿಮ್ಮ ಮಾರಿ ಕಾಣತೈತಿ ನೋಡ್ರಿ ಇದರಾಗ."

ದ್ವೀಪದಿಂದ ಬಂದ ಮರ

ಎರಡನೆಯ ಕಿಟ್ ತರಿಸಿದೆ. ಈ ಸಲ ಬುದ್ಧಿ ಬಂದಿತ್ತು. ಅಡುಗೆಮನೆ ಬೇಡ, ಲ್ಯಾಬ್ ಬೇಡ, ಮನೆ ಓನರಮ್ಮನನ್ನು ಕೇಳಿ ಟೆರೇಸಿನ ಒಂದು ಮೂಲೆ ಹಿಡಿದೆ. ಓನರಮ್ಮ ಕೆಳಗಿನ ಮನೆಯಲ್ಲಿರುವ ಹಿರಿಯ ಹೆಂಗಸು. ನನ್ನನ್ನು ಬಾಬು ಎಂದು ಕರೆಯುತ್ತಾರೆ. ಬಾಡಿಗೆದಾರರನ್ನೂ ಗಿಡಗಳನ್ನೂ ಒಂದೇ ಧ್ವನಿಯಲ್ಲಿ ಗದರಿಸುತ್ತಾರೆ.

ಮಳೆಗಾಲದ ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಕುಂಡದಲ್ಲಿ ಹಸಿರು ಕಂಡಿತು. ನಾನು ಕೂಗಿದ ಕೂಗಿಗೆ ಹೆಂಡತಿ ಹಾವು ಬಂತೆಂದು ಕೋಲು ಹಿಡಿದು ಮೆಟ್ಟಿಲು ಹತ್ತಿ ಬಂದಳು. ನನ್ನ ಕೈಯಲ್ಲಿ, ನನ್ನ ಈ ಕೈಯಲ್ಲಿ, ಒಂದು ಬೀಜ ಮೊಳೆತಿತ್ತು. ಕಣ್ಣು ತುಂಬಿ ಬಂತು, ಅದರಲ್ಲಿ ಮುಚ್ಚಿಡುವುದೇನಿದೆ. ಪೊಟ್ಟಣದ ಮೇಲೆ ಹೆಸರು ನೋಡಿದೆ. ಡೆಲೋನಿಕ್ಸ್ ರೀಜಿಯಾ. ಮಡಗಾಸ್ಕರ್ ದ್ವೀಪದ ಅಪರೂಪದ ಮರ ಎಂದಿತ್ತು. ಆಗಲೇ ಮಾವನಿಗೆ ಫೋನ್ ಮಾಡಿ ಹೆಸರು ಹೇಳಿದೆ. ಅವರು ಆ ಹೆಸರನ್ನು ಮೂರು ಸಲ ಹೇಳಿಸಿಕೊಂಡು, "ದೊಡ್ಡ ಜಾತಿ ಇರಬೇಕು" ಎಂದರು.

ಕೆಲವು ವಾರದಲ್ಲಿ ಗರಿಯಂಥ ಎಲೆಗಳು ಬಂದವು. ಓನರಮ್ಮ ಒಣಗಿದ ಮೆಣಸಿನಕಾಯಿ ಎತ್ತಲು ಮೇಲೆ ಬಂದವರು ಕುಂಡದ ಮುಂದೆ ನಿಂತರು.

"ಇದೇನು ಬಾಬು?"

"ಡೆಲೋನಿಕ್ಸ್ ರೀಜಿಯಾ, ಅಮ್ಮ. ಆಫ್ರಿಕಾ ಕಡೆಯದು."

ಅವರು ಬಗ್ಗಿ ಒಂದು ಎಲೆಯನ್ನು ಬೆರಳಲ್ಲಿ ತಿರುವಿ ನೋಡಿದರು. "ಇದು ತುರಾಯಿ."

"ಯಾವ ತುರಾಯಿ?"

"ಅದೇ, ಬೇಸಿಗೇಲಿ ಕೆಂಪಗೆ ಹೂ ಬಿಡುತ್ತಲ್ಲ, ಕತ್ತಿ ಹಾಗೆ ಉದ್ದ ಕಾಯಿ. ನಮ್ಮ ಗೇಟಿನ ಮುಂದೇ ಇತ್ತಲ್ಲ."

ಗುಲ್‌ಮೊಹರ್. ತುಮಕೂರಿನ ನಮ್ಮ ಶಾಲೆಯ ಅಂಗಳದಲ್ಲಿ ಆ ಕಾಯಿ ಹಿಡಿದು ಕತ್ತಿವರಸೆ ಆಡಿದವನು ನಾನು. ಅದೇ ಬೀಜವನ್ನು ಕಿಟ್ಟಿನಲ್ಲಿಟ್ಟು ನನಗೇ ಕಳಿಸಿದ್ದರು. ಓನರಮ್ಮನಿಗೆ ನನ್ನ ಸಂಕಟ ಗೊತ್ತಾಗಲಿಲ್ಲ. ಅವರಿಗೆ ಅವರದೇ ಸಂಕಟವಿತ್ತು.

"ಸೈಕ್ಲೋನಿಗೆ ಅದು ಗೇಟಿಗೆ ಅಡ್ಡ ಬಿದ್ದು, ಕಡಿಸಿ, ಲಾರಿಗೆ ಹಾಕಿ ಕಳಿಸೋವಷ್ಟರಲ್ಲಿ ನನ್ನ ಪ್ರಾಣ ಹೋಗಿ ಬಂತು" ಎಂದರು. "ನೀವು ಅದನ್ನ ಕೊರಿಯರ್‌ನಲ್ಲಿ ವಾಪಸ್ ತರಿಸಿದ್ರಾ?"

ಅಪ್ಪನ್ನನಿಗೆ ಹರಕೆ

ಗುಲ್‌ಮೊಹರಾದರೆ ಗುಲ್‌ಮೊಹರು. ಮೊಳೆತದ್ದು ಅದೊಂದೇ. ಮಾವನಿಗೆ ಹೆಸರು ಬೇರೆ ಹೇಳಿಯಾಗಿತ್ತು. ಇನ್ನು ಅದನ್ನು ಬೋನ್ಸಾಯ್ ಮಾಡುವುದೊಂದೇ ಉಳಿದ ದಾರಿ.

ಬೋನ್ಸಾಯ್ ಮಾಡುವುದೆಂದರೆ ಗಿಡವನ್ನು ಬೆಳೆಯಲು ಬಿಡದೇ ಇರುವುದು. ತುದಿ ಚಿಗುರಿದರೆ ಕತ್ತರಿಸಬೇಕು, ಕಾಂಡಕ್ಕೆ ತಾಮ್ರದ ತಂತಿ ಸುತ್ತಿ ಬಗ್ಗಿಸಬೇಕು, ಗೊಬ್ಬರ ಕಡಿಮೆ ಹಾಕಬೇಕು. ನಾನು ಪ್ರತಿ ರಜಾದಿನ ಪುಟಾಣಿ ಕತ್ತರಿ ಹಿಡಿದು ಮೇಲೆ ಹೋಗಿ ಇದನ್ನೆಲ್ಲ ಶ್ರದ್ಧೆಯಿಂದ ಮಾಡುತ್ತಿದ್ದೆ. ಗೇಣು ಎತ್ತರ ಮೀರಲು ಬಿಡಲಿಲ್ಲ.

ಓನರಮ್ಮನಿಗೆ ಕಾಣುತ್ತಿದ್ದದ್ದು ಬೆಳೆಯದ ಗಿಡ ಮಾತ್ರ. ಶುರುವಿಗೆ ತಂತಿ ನೋಡಿ, "ಕೈ ಮುರಿದಿದೆಯಾ ಇದಕ್ಕೆ?" ಎಂದು ಕೇಳಿದರು. ಬೋನ್ಸಾಯ್ ಎಂದರೆ ಏನು ಎಂದು ವಿವರವಾಗಿ ಹೇಳಿದೆ. ಪೂರ್ತಿ ಕೇಳಿ, "ಪಾಪ" ಎಂದರು. ನನಗೋ ಗಿಡಕ್ಕೋ ತಿಳಿಯಲಿಲ್ಲ.

ಆಮೇಲೆ ಶುರುವಾಯಿತು ಅವರ ಆರೈಕೆ. ನಾನು ಪರವಾಡಕ್ಕೆ ಹೋದ ಮೇಲೆ ಅಕ್ಕಿ ತೊಳೆದ ನೀರು ಹಾಕುವರು, ಬೇಳೆ ತೊಳೆದ ನೀರು ಹಾಕುವರು. ನಾನು ವಾರವಿಡೀ ಅದನ್ನು ಉಪವಾಸ ಕೆಡವಿದರೆ ಅವರು ವಾರವಿಡೀ ಪಾರಣೆ ಮಾಡಿಸುತ್ತಿದ್ದರು. ಗಿಡ ಚಿಗುರುತ್ತಿತ್ತು. ನಾನು ಚಿಗುರು ಕತ್ತರಿಸುತ್ತಿದ್ದೆ. ಮರುದಿನ ಅವರು ನೋಡಿ, ಬೆಳೆದದ್ದು ಮತ್ತೆ ಇಳಿದುಹೋಗಿದೆ ಎಂದು ಗಾಬರಿಯಾಗುತ್ತಿದ್ದರು. ಕತ್ತರಿಸಿದ್ದು ನಾನೇ ಅಮ್ಮ ಎಂದರೆ ಅವರು ನಂಬುತ್ತಿರಲಿಲ್ಲ. ಇಷ್ಟು ಕಷ್ಟಪಟ್ಟು ಬೆಳೆಸುವವನು ಯಾಕೆ ಕತ್ತರಿಸುತ್ತಾನೆ ಎಂಬುದು ಅವರ ವಾದ.

ಕೊನೆಗೆ ಸಿಂಹಾಚಲದ ಅಪ್ಪನ್ನಸ್ವಾಮಿಗೆ ಹರಕೆ ಹೊತ್ತರು. ಗಿಡ ಮೊಣಕಾಲುದ್ದ ಬಂದರೆ ಮೆಟ್ಟಿಲು ಹತ್ತಿ ಬಂದು ತೆಂಗಿನಕಾಯಿ ಒಡೆಯುತ್ತೇನೆ ಎಂದು. ಒಂದು ಭಾನುವಾರ ನಾನು ಮೇಲೆ ಹೋದರೆ ನನ್ನ ಬೋನ್ಸಾಯ್‌ಗೆ ಗಂಧ, ಕುಂಕುಮ. ಬುಡದಲ್ಲಿ ಪ್ರಸಾದದ ಹೂವು. ಒಂದು ಕಡೆ ದೇವರು ಬೆಳೆಸಬೇಕು, ಇನ್ನೊಂದು ಕಡೆ ನಾನು ಕತ್ತರಿಸಬೇಕು. ಕಣ್ಣು ಮುಚ್ಚಿ ಕತ್ತರಿಸಿದೆ.

ಮರುದಿನ ಓನರಮ್ಮ ಮೆಟ್ಟಿಲ ಮೇಲೆ ನನ್ನನ್ನು ತಡೆದು, ಬಹಳ ಮೃದುವಾಗಿ, ಆಪ್ತರಿಗೆ ಕಾಯಿಲೆಯ ಸುದ್ದಿ ಹೇಳುವ ಹಾಗೆ ಹೇಳಿದರು.

"ಬಾಬು, ಅಪ್ಪನ್ನ ಯಾವತ್ತೂ ನನ್ನ ಕೈ ಬಿಟ್ಟಿಲ್ಲ. ದೋಷ ನಿಮ್ಮ ಕೈಯಲ್ಲೇ ಇದೆ. ಕೆಲವು ದಿನ ನೀವು ಅದನ್ನ ಮುಟ್ಟಬೇಡಿ."

ಸ್ವಲ್ಪ ನಿಧಾನ

ಇಷ್ಟೆಲ್ಲ ಆದಮೇಲೂ ಗಿಡ ಬದುಕಿತ್ತು. ಗೇಣುದ್ದ, ಸೊಂಟ ಬಗ್ಗಿಸಿ, ತಲೆ ಮೇಲೆ ಪುಟ್ಟ ಕೊಡೆ ಹಿಡಿದಂತೆ. ಚಿತ್ರದಲ್ಲಿದ್ದ ಬೋನ್ಸಾಯ್‌ಗೆ ದೂರದ ಸಂಬಂಧಿ ಎನ್ನಬಹುದಿತ್ತು. ಸಂಕ್ರಾಂತಿಗೆ ವಿಜಯವಾಡದ ರೈಲು ಹತ್ತಿದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹೆಂಡತಿ ಬ್ಯಾಗುಗಳನ್ನೆಲ್ಲ ಒಬ್ಬಳೇ ಹೊತ್ತಿದ್ದಳು, ಆದ್ದರಿಂದ ಮಾತು ಬಿಟ್ಟಿದ್ದಳು.

ಅನಕಾಪಲ್ಲಿಯಲ್ಲಿ ಬೆಲ್ಲದ ಗಂಟು ಹಿಡಿದ ಒಬ್ಬ ಹಿರಿಯರು ಹತ್ತಿ ಎದುರಿಗೆ ಕುಳಿತರು. ಗಿಡ ನೋಡಿದರು. ಸೀದಾ ಕೈ ಚಾಚಿ ಎಲೆ ಮುಟ್ಟಿದರು.

"ಮುಟ್ಟಿದರೆ ಮುನಿ ಗಿಡ."

"ಅಲ್ಲ ಸ್ವಾಮಿ, ಇದು ಬೇರೆ."

"ಎಲೆ ಅದರದ್ದೇ." ಮತ್ತೆ ಮುಟ್ಟಿದರು. ಎಲೆ ಮುಚ್ಚಲಿಲ್ಲ. ಪಕ್ಕದವರಿಗೆ ಹೇಳಿದರು, ಅವರೂ ಮುಟ್ಟಿದರು. ತುನಿ ದಾಟುವಷ್ಟರಲ್ಲಿ ಇಡೀ ಬೋಗಿ ಬಂದು ಮುಟ್ಟಿ ಹೋಯಿತು. ನಾನು ಕುಂಡವನ್ನು ಎದೆಗೆ ಅಪ್ಪಿಕೊಂಡೆ. ಬಿಡಲಿಲ್ಲ, ಎದೆಯ ಮೇಲೆಯೇ ಮುಟ್ಟಿದರು. ಇದು ಮುಚ್ಚುವ ಜಾತಿಯಲ್ಲ, ಇದು ಮರ, ಬೋನ್ಸಾಯ್, ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

ಗುಲ್‌ಮೊಹರಿಗೆ ಒಂದು ಸ್ವಭಾವವಿದೆ, ನನಗೆ ಮಾತ್ರ ಆ ಕ್ಷಣದಲ್ಲಿ ಮರೆತಿತ್ತು. ಸೂರ್ಯ ಮುಳುಗುವಾಗ ಅದು ತನ್ನಷ್ಟಕ್ಕೆ ಎಲೆ ಮಡಚಿಕೊಳ್ಳುತ್ತದೆ. ಏಲೂರಿನ ಹತ್ತಿರ ಕತ್ತಲಾಗತೊಡಗಿತು. ಎಲೆಗಳು ಒಂದೊಂದಾಗಿ ಮುಚ್ಚಿಕೊಂಡವು. ಬೋಗಿಯಲ್ಲಿ ದೊಡ್ಡ ಗದ್ದಲ. ಎಲ್ಲರೂ ನನ್ನನ್ನು ಸುಳ್ಳು ಹೇಳಿದವನನ್ನು ನೋಡುವಂತೆ ನೋಡಿದರು. ಬೆಲ್ಲದ ಹಿರಿಯರು ಮಾತ್ರ ದೊಡ್ಡ ಮನಸ್ಸಿನಿಂದ ನನ್ನ ಮೊಣಕಾಲು ತಟ್ಟಿದರು.

"ಮುನಿನೇ ಬಾಬು. ಸ್ವಲ್ಪ ನಿಧಾನ, ಅಷ್ಟೇ."

ಸ್ವಲ್ಪ ಚಿಕ್ಕದು

ಮಾವ ಗೇಟಿನಲ್ಲೇ ನಿಂತಿದ್ದರು. ಕುಂಡವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತಿರುಗಿಸಿ ನೋಡಿದರು. ಮರುದಿನ ಹಬ್ಬಕ್ಕೆ ಬಂದವರಿಗೆಲ್ಲ, "ನಮ್ಮ ಅಲ್ಲುಡುಗಾರು ಬೀಜದಿಂದ ಬೆಳೆಸಿದ್ದು" ಎಂದು ತೋರಿಸಿದರು. ಅದು ಯಾವ ಮರ ಎಂದು ಅವರಿಗೆ ಗೊತ್ತಾಗಿಯೇ ಇರುತ್ತದೆ. ಆದರೂ ಯಾರೆದುರೂ ಆ ಹೆಸರೆತ್ತಲಿಲ್ಲ. ಆ ದಿನ ನಾನು ತಲೆಯೆತ್ತಿ ಉಂಡೆ. ಎರಡನೇ ಸಲ ಬೊಬ್ಬಟ್ಟು ಬಡಿಸುವಾಗ ಬೇಡ ಎನ್ನಲಿಲ್ಲ. ಆಮೇಲೆ ಗೆದ್ದವನ ಹಾಗೆ ಮಲಗಿದೆ.

ಎದ್ದಾಗ ಟೀ ಹೊತ್ತು. ಟಿವಿ ಪಕ್ಕದ ಮೇಜಿನ ಮೇಲೆ ಕ್ಯಾಲೆಂಡರು ಇತ್ತು, ಬೆಳಿಗ್ಗೆ ಅದರ ಪಕ್ಕ ಇಟ್ಟಿದ್ದ ಬೋನ್ಸಾಯ್ ಇರಲಿಲ್ಲ. ಹೊರಗೆ ಬಂದು ನೋಡಿದರೆ ಕಾಂಪೌಂಡಿನ ಗೋಡೆ ಮೇಲೆ ನನ್ನ ಕುಂಡ ತೊಳೆದು ಬೋರಲು ಹಾಕಿದೆ. ಪಕ್ಕದಲ್ಲಿ ಮಾವ, ಕೈ ತುಂಬ ಮಣ್ಣು, ಮುಖದಲ್ಲಿ ದೀಪಾವಳಿ.

"ಅಲ್ಲುಡುಗಾರೂ, ಬನ್ನಿ ಬನ್ನಿ. ಪಾಪ, ಬೇರು ಬಿಡಕ್ಕೆ ಜಾಗ ಇಲ್ಲದೆ ಒಂದರ ಮೇಲೆ ಒಂದು ಸುತ್ತಿಕೊಂಡಿತ್ತು. ಯಾರೋ ತಂತಿ ಬೇರೆ ಕಟ್ಟಿದ್ರು."

"ನಾನೇ ಕಟ್ಟಿದ್ದು ಮಾವ."

"ಗೊತ್ತಿಲ್ಲದೆ ಕಟ್ಟಿರ್ತೀರಿ, ಬಿಡಿ. ಎಲ್ಲಾ ಬಿಚ್ಚಿ ಹಾಕಿದೆ. ಸಗಣಿ ಗೊಬ್ಬರ ಕೊಟ್ಟಿದ್ದೀನಿ. ಇನ್ನೇನೂ ಭಯ ಇಲ್ಲ."

ಕಾಂಪೌಂಡಿನ ಪಟ್ಟಿ ಮಣ್ಣಿನಲ್ಲಿ, ಪಾತಿಯ ನಡುವೆ, ನನ್ನ ಬೋನ್ಸಾಯ್ ನೆಟ್ಟಗೆ ನಿಂತಿತ್ತು. ಎರಡು ಕಿಟ್ಟು, ಎರಡು ಸಂಕ್ರಾಂತಿ, ಬೂದಿಯಾದ ಪೈನ್, ಹೊಳೆಯುವ ದೀಪ, ಅಪ್ಪನ್ನಸ್ವಾಮಿ, ಏಲೂರು, ಎಲ್ಲ ಕಣ್ಣ ಮುಂದೆ ಹಾದುಹೋಯಿತು. ಕೂಗಬೇಕೆಂದು ಬಾಯಿ ತೆರೆದೆ. ಮಾವ ನನ್ನನ್ನು ನೋಡುತ್ತಿದ್ದರು. ಮಗಳನ್ನು ಧಾರೆ ಎರೆದು ಕೊಟ್ಟ ದಿನವೂ ಅವರು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. "ಒಳ್ಳೇದಾಯ್ತು ಮಾವ" ಎಂದೆ. ಒಳಗೆ ಹೋಗಿ ಹೆಂಡತಿಯ ಮೇಲೆ ರೇಗಿದೆ, ಅವಳಿಗೆ ಅದು ಅಭ್ಯಾಸ.

ಅಲ್ಲಿಂದ ಮುಂದೆ ಭಾನುವಾರದ ಫೋನು ತಿರುಗುಮುರುಗಾಯಿತು. ನಾನು ಕೇಳುವವನು, ಅವರು ವರದಿ ಕೊಡುವವರು. ಬೋನ್ಸಾಯ್ ಮೊಣಕಾಲಿಗೆ ಬಂತು. ಬೋನ್ಸಾಯ್ ಸೊಂಟಕ್ಕೆ ಬಂತು. ಬೋನ್ಸಾಯ್ ಮೇಲೆ ಕಾಗೆ ಕೂತಿತ್ತು. ಮುಂದಿನ ಸಂಕ್ರಾಂತಿಗೆ ಹೋದರೆ ಅದು ಕಾಂಪೌಂಡ್ ದಾಟಿ ಬೀದಿಗೆ ಇಣುಕುತ್ತಿತ್ತು. ಅದರ ಮುಂದಿನ ಸಂಕ್ರಾಂತಿಗೆ, ಅಂದರೆ ಎರಡು ಸಾವಿರದ ಹತ್ತೊಂಬತ್ತರಲ್ಲಿ, ಅದರ ಕೆಳಗೆ ಒಂದು ಆಟೊ ನಿಂತಿತ್ತು, ಒಳಗೆ ಡ್ರೈವರ್ ನಿದ್ದೆ ಮಾಡುತ್ತಿದ್ದ. ಬೀದಿಯಲ್ಲಿ ಅದಕ್ಕೆ ಹೆಸರೇ ಬೋನ್ಸಾಯ್. ಬೋನ್ಸಾಯ್ ಹತ್ತಿರ ಎಡಕ್ಕೆ ತಿರುಗಿ ಎಂದು ಗ್ಯಾಸಿನವರಿಗೆ ದಾರಿ ಹೇಳುತ್ತಿದ್ದರು.

ಒಮ್ಮೆ ಕರೆಂಟಿನವರು ಕೊಂಬೆ ತಂತಿಗೆ ತಾಗುತ್ತದೆ ಎಂದು ಕತ್ತಿ ಹಿಡಿದು ಬಂದಿದ್ದರಂತೆ. ಮಾವ ಅಡ್ಡ ನಿಂತರಂತೆ. ಅದನ್ನು ನನಗೆ ಹೇಳುವಾಗ ಅವರ ಧ್ವನಿಯಲ್ಲಿ ವೀರಾವೇಶ.

"ನಾನು ಹೇಳಿದೆ ಅಲ್ಲುಡುಗಾರೂ. ಇದು ಬೋನ್ಸಾಯ್. ಇದಕ್ಕೆ ಕತ್ತರಿ ಹಾಕಬಾರದು ಅಂತ."

ಬೋನ್ಸಾಯ್‌ಗೆ ಹಾಕಬೇಕಾದ್ದು ಅದೊಂದೇ.

ಆ ಸಂಕ್ರಾಂತಿಯ ಸಂಜೆ ನಾನೂ ಮಾವನೂ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆವು. ಎದುರುಮನೆಯ ಯಜಮಾನರು ರಸ್ತೆ ದಾಟಿ ಬಂದರು. ತಲೆ ಮೇಲೆತ್ತಿ ಮರ ನೋಡಿದರು, ತಗ್ಗಿಸಿ ನನ್ನನ್ನು ನೋಡಿದರು, ಕೈ ಮುಗಿದರು.

"ನಿಮ್ಮ ಬೋನ್ಸಾಯ್ ನಮ್ಮ ಮನೆಯವರಿಗೆಲ್ಲ ಬಹಳ ಇಷ್ಟ ಬಾಬು. ನಮಗೂ ಒಂದು ಬೆಳೆಸಿಕೊಡಿ. ಆದರೆ ನಮ್ಮ ಮನೆ ಮುಂದೆ ಇಷ್ಟು ಜಾಗ ಇಲ್ಲ. ಇದರಲ್ಲೇ ಸ್ವಲ್ಪ ಚಿಕ್ಕದು ಬರುತ್ತದಾ?"

ಇಷ್ಟು ವರ್ಷ ನಾನು ಯಾರ ಬಾಯಿಂದ ಈ ಮಾತು ಕೇಳಲು ಕಾದಿದ್ದೆನೋ ಆ ಮನುಷ್ಯ ಕೊನೆಗೂ ಎದುರಿಗೆ ನಿಂತಿದ್ದ. ಬರುತ್ತದೆ ಸ್ವಾಮಿ, ಗೇಣುದ್ದದ್ದೇ ಬರುತ್ತದೆ, ಎನ್ನಲು ಕುರ್ಚಿಯಿಂದ ಅರ್ಧ ಎದ್ದೆ. ಮಾವ ನನ್ನ ಹೆಗಲ ಮೇಲೆ ಕೈ ಇಟ್ಟು ಕೂರಿಸಿದರು.

"ಚಿಕ್ಕದು ಬೇಕಂದ್ರೆ ಬೇರೆ ಯಾರನ್ನಾದ್ರೂ ಕೇಳಿ" ಎಂದರು ಎದುರುಮನೆಯವರಿಗೆ. "ನಮ್ಮ ಅಲ್ಲುಡುಗಾರಿಗೆ ಅದು ಬರೋದಿಲ್ಲ. ಅವರು ಕೈಯಿಟ್ಟಿದ್ದೆಲ್ಲ ಹೀಗೇ ಬೆಳೆಯೋದು."